ಸರಿದದ್ದು ಬೀಮೋ, ಅಳತೆಗೋಲೋ? ಬಿಪಿಎಂ ತಪ್ಪು ತೋರಿಸಿದಾಗ ಹುಡುಕುವ ಬಗೆ

ರಾತ್ರಿ ಪಾಳಿಯಲ್ಲಿ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ರೀತಿ ಶುರುವಾಗುತ್ತವೆ: "ಸಾರ್, ಹನ್ನೊಂದನೆಯ ಬಿಪಿಎಂ ನಾಲ್ಕೂವರೆ ಮಿಲಿಮೀಟರ್ ತೋರಿಸುತ್ತಿದೆ." ನಾನು ಮರುಪ್ರಶ್ನೆಯಾಗಿ ಕೇಳುವುದೂ ಒಂದನ್ನೇ. ಹತ್ತು ಮತ್ತು ಹನ್ನೆರಡು ಏನು ಹೇಳುತ್ತಿವೆ?

ಈ ಬರಹ ಎಲೆಕ್ಟ್ರಾನ್ ಸಂಗ್ರಹ ಉಂಗುರಗಳಲ್ಲಿ, ಅಂದರೆ ಎಲೆಕ್ಟ್ರಾನ್ ಕಿರಣವನ್ನು (ಬೀಮ್) ನಿರ್ವಾತ ಕೊಳವೆಯಲ್ಲಿ ಸುತ್ತಿಸುತ್ತಲೇ ಇರುವ ಯಂತ್ರಗಳಲ್ಲಿ, ಬೀಮ್ ಸ್ಥಾನ ಅಳೆಯುವ ಬಿಪಿಎಂಗಳ (ಬೀಮ್ ಪೊಸಿಷನ್ ಮಾನಿಟರ್) ಬಗ್ಗೆ. ಕೊನೆಯಲ್ಲಿ, ವೇಗ ಹೆಚ್ಚಿಸುವ ಕುಹರದ ಒಳಗೇ ಸ್ಥಾನ ಅಳೆಯುವವರಿಗೂ ಒಂದಿಷ್ಟು ಮಾತು ಇದೆ. ನಮ್ಮ ದೇಶದ ಉದಾಹರಣೆ ಬೇಕೆಂದರೆ, ತುಮಕೂರು ಸೀಮೆಯ ರಾಜಾ ರಾಮಣ್ಣನವರ ಹೆಸರು ಹೊತ್ತ ಇಂದೋರಿನ ಕೇಂದ್ರದಲ್ಲಿರುವ ಇಂಡಸ್-2 ಅನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅದರ ಸುತ್ತಳತೆ ಸುಮಾರು 172.5 ಮೀಟರ್, ಶಕ್ತಿ 2.5 ಗಿಗಾ ಎಲೆಕ್ಟ್ರಾನ್‌ವೋಲ್ಟ್. ಎಲೆಕ್ಟ್ರಾನ್ ಗುಂಪು ಅದನ್ನು ಸೆಕೆಂಡಿಗೆ ಹದಿನೇಳು ಲಕ್ಷಕ್ಕೂ ಹೆಚ್ಚು ಬಾರಿ ಸುತ್ತುತ್ತದೆ. ಇಲ್ಲಿ ಹೇಳುವ ದೋಷಗಳು ಯಾವುದೇ ಒಂದು ಯಂತ್ರದವಲ್ಲ. ಉಂಗುರ ಇದ್ದಲ್ಲೆಲ್ಲ ಇವು ಇರುತ್ತವೆ.

ಮೊದಲು ತಕ್ಕಡಿಯನ್ನು ಅರಿಯಿರಿ

ಕೊಳವೆಯ ಗೋಡೆಯಲ್ಲಿ ನಾಲ್ಕು ಲೋಹದ ಬಟನ್‌ಗಳಿರುತ್ತವೆ. ಎಲೆಕ್ಟ್ರಾನ್ ಗುಂಪು ಹಾದುಹೋದಾಗ ಹತ್ತಿರದ ಬಟನ್‌ಗೆ ಹೆಚ್ಚು ಸಂಕೇತ, ದೂರದ್ದಕ್ಕೆ ಕಡಿಮೆ. ಬೀಮ್ ಬಾಗುವಾಗ ಹೊಮ್ಮುವ, ಬಳಕೆದಾರರು ಪ್ರಯೋಗಗಳಿಗೆ ಬಳಸುವ ಸಿಂಕ್ರೊಟ್ರಾನ್ ಬೆಳಕು ಬಟನ್‌ಗೆ ನೇರವಾಗಿ ಹೊಡೆಯದಿರಲಿ ಎಂದು ಅವುಗಳನ್ನು ಅಡ್ಡ ಮಟ್ಟದಿಂದ ಮೇಲೆ, ಕೆಳಗೆ ಓರೆಯಾಗಿ ಕೂರಿಸುತ್ತಾರೆ. ಹೊರಬದಿಯ ಮೇಲಿನದು ಎ, ಒಳಬದಿಯ ಮೇಲಿನದು ಬಿ, ಒಳಬದಿಯ ಕೆಳಗಿನದು ಸಿ, ಹೊರಬದಿಯ ಕೆಳಗಿನದು ಡಿ ಎಂದಿಟ್ಟುಕೊಳ್ಳೋಣ. ಎ ಮತ್ತು ಡಿ ಮೊತ್ತದಿಂದ ಬಿ ಮತ್ತು ಸಿ ಮೊತ್ತವನ್ನು ಕಳೆದು, ನಾಲ್ಕರ ಒಟ್ಟು ಮೊತ್ತದಿಂದ ಭಾಗಿಸಿ, ಒಂದು ಸ್ಥಿರಾಂಕದಿಂದ ಗುಣಿಸಿದರೆ ಅಡ್ಡ ಸ್ಥಾನ. ಎ-ಬಿ ಜೋಡಿಯಿಂದ ಸಿ-ಡಿ ಜೋಡಿಯನ್ನು ಕಳೆದು ಹೀಗೆಯೇ ಭಾಗಿಸಿ ಗುಣಿಸಿದರೆ ಲಂಬ ಸ್ಥಾನ. 20 ಮಿ.ಮೀ. ತ್ರಿಜ್ಯದ ದುಂಡು ಕೊಳವೆಯಲ್ಲಿ, ಬಟನ್‌ಗಳು 45 ಡಿಗ್ರಿಯಲ್ಲಿದ್ದರೆ, ಆ ಸ್ಥಿರಾಂಕ ಸುಮಾರು 14 ಮಿ.ಮೀ.

ಈ ಲೆಕ್ಕವನ್ನು ಮರೆಯಬೇಡಿ. ಒಂದೇ ಒಂದು ಬಟನ್‌ನ ಸಂಕೇತ ಶೇ. 1ರಷ್ಟು ಕುಗ್ಗಿದರೆ ಬೀಮ್ ಕದಲದಿದ್ದರೂ ಅಳತೆ ಸುಮಾರು 35 ಮೈಕ್ರಾನ್ ಕದಲುತ್ತದೆ. ಬಳಕೆದಾರರು ಕೆಲವೇ ಮೈಕ್ರಾನ್‌ಗಳ ಸ್ಥಿರತೆ ಕೇಳುವ ಯಂತ್ರದಲ್ಲಿ ಶೇ. 1 ಎಂದರೆ ಒಂದು ಕನೆಕ್ಟರ್ ಸ್ವಲ್ಪ ಸಡಿಲವಾಗುವಷ್ಟು ಮಾತ್ರ.

ಲಕ್ಷಣ: ಅಂಕಿಗಳು ಹುಚ್ಚೆದ್ದು ಕುಣಿಯುತ್ತಿವೆ

ನಗಬೇಡಿ, ಆದರೆ ಮೊದಲು ನೋಡಬೇಕಾದದ್ದು ಉಂಗುರದಲ್ಲಿ ಬೀಮ್ ಇದೆಯೇ ಎಂಬುದನ್ನು. ಬೀಮ್ ಇಲ್ಲದಾಗ ಮೇಲಿನ ಭಾಗಾಕಾರ ಗದ್ದಲವನ್ನು ಗದ್ದಲದಿಂದ ಭಾಗಿಸುತ್ತದೆ. ಆಗ ಪರದೆಯ ಮೇಲೆ ಐದು, ಎಂಟು ಮಿಲಿಮೀಟರ್‌ಗಳ ಅಂಕಿಗಳು ಬಹಳ ಗಂಭೀರವಾಗಿ ಬಂದು ಕೂರುತ್ತವೆ. ಕರೆಂಟ್ ಮಾಪಕ ನೋಡಿ, ನಾಲ್ಕು ಬಟನ್‌ಗಳ ಒಟ್ಟು ಮೊತ್ತ ನೋಡಿ. ಮೊತ್ತ ಒಂದು ಮಿತಿಗಿಂತ ಕೆಳಗಿಳಿದರೆ ಸ್ಥಾನವನ್ನು ತೋರಿಸಲೇಬಾರದೆಂದು ತಂತ್ರಾಂಶದಲ್ಲಿ ಬರೆಸಿಬಿಡಿ. ಅರ್ಧ ಫೋನುಗಳು ನಿಲ್ಲುತ್ತವೆ.

ಬೀಮ್ ಇದ್ದು, ಎಲ್ಲ ಬಿಪಿಎಂಗಳೂ ಕುಣಿಯುತ್ತಿದ್ದರೆ ಎಲ್ಲಕ್ಕೂ ಹಂಚಿಕೆಯಾಗುವ ಗಡಿಯಾರ ಸಂಕೇತ ತಪ್ಪಿರಬಹುದು. ಒಂದು ಕಪಾಟಿನಲ್ಲಿರುವ ನಾಲ್ಕೈದು ಮಾತ್ರ ಕುಣಿಯುತ್ತಿದ್ದರೆ ಆ ಕಪಾಟಿನ ವಿದ್ಯುತ್ ಪೂರೈಕೆ, ಫ್ಯಾನ್, ಗಡಿಯಾರದ ಕೇಬಲ್ ನೋಡಿ. ಕಪಾಟಿನ ಬಾಗಿಲು ತೆರೆಯಲು ಖರ್ಚೇನೂ ಇಲ್ಲ.

ಲಕ್ಷಣ: ಒಂದೇ ಬಿಪಿಎಂ ದಿಢೀರನೆ ಹಾರಿದೆ

ಹತ್ತು ಮತ್ತು ಹನ್ನೆರಡರ ಪ್ರಶ್ನೆ ಇಲ್ಲಿಗೆ ಬರುತ್ತದೆ. ಯಾವುದೋ ಕಾಂತ ತಪ್ಪಾಗಿ ತಳ್ಳಿದರೆ ಬೀಮ್ ಒಂದೇ ಜಾಗದಲ್ಲಿ ಹಾರಿ ಮತ್ತೆ ನೆಟ್ಟಗಾಗುವುದಿಲ್ಲ. ಕಕ್ಷೆಯ ತುಂಬ ಅಲೆ ಏಳುತ್ತದೆ, ಉಂಗುರದ ಆಚೆ ಬದಿಯ ಬಿಪಿಎಂ ಕೂಡ ಅದನ್ನು ಕಾಣುತ್ತದೆ. ಅಕ್ಕಪಕ್ಕದವೆಲ್ಲ ತಣ್ಣಗೆ ಕೂತು ಒಂದು ಮಾತ್ರ ಕೂಗುತ್ತಿದ್ದರೆ ಸರಿದದ್ದು ಬೀಮ್ ಅಲ್ಲ ಎಂದು ನೂರಕ್ಕೆ ತೊಂಬತ್ತು ಪಾಲು ನಂಬಬಹುದು. ಉಳಿದ ಹತ್ತು ಪಾಲು ಯಾರೋ ಕಕ್ಷೆ ತಿದ್ದುವ ಮೂರ್ನಾಲ್ಕು ಕರೆಕ್ಟರ್ ಕಾಂತಗಳನ್ನು ಬಳಸಿ ಅಲ್ಲಿ ಬೇಕೆಂದೇ ಉಬ್ಬು ಮಾಡಿದ್ದಾರೆ. ಪಾಳಿ ಪುಸ್ತಕ ಓದಿ.

ಆಮೇಲೆ ಬಿಡಿ ಬಟನ್‌ಗಳ ಅಂಕಿಗಳನ್ನು ತೆರೆಯಿರಿ. ಒಂದು ಬಟನ್ ಪೂರ್ತಿ ಸತ್ತರೆ ಅದಕ್ಕೊಂದು ಸ್ಪಷ್ಟ ಗುರುತಿದೆ. ಒಟ್ಟು ಮೊತ್ತ ಕಾಲುಭಾಗ ಬೀಳುತ್ತದೆ, ಅಡ್ಡ ಮತ್ತು ಲಂಬ ಸ್ಥಾನಗಳೆರಡೂ ಒಂದೇ ಪ್ರಮಾಣದಲ್ಲಿ ಹಾರುತ್ತವೆ. ಬೀಮ್ ನಡುವೆ ಇದ್ದರೆ ಹಾರಿದ ಪ್ರಮಾಣ ಸ್ಥಿರಾಂಕದ ಮೂರನೆಯ ಒಂದು ಭಾಗ, ನಮ್ಮ ಲೆಕ್ಕದಲ್ಲಿ 4.7 ಮಿ.ಮೀ. ಫೋನಿನಲ್ಲಿ "ನಾಲ್ಕೂವರೆ" ಎಂದು ಕೇಳಿದೊಡನೆ ನನಗೆ ಅರ್ಧ ಉತ್ತರ ಸಿಕ್ಕಿರುತ್ತದೆ. ಅಳತೆ ಯಾವ ಬಟನ್‌ನಿಂದ ದೂರ ಓಡಿದೆಯೋ ಅದೇ ಸತ್ತದ್ದು. ಸಂಕೇತ ಅರ್ಧಕ್ಕೆ ಇಳಿದಿದ್ದರೆ ಹಾರುವುದು ಏಳನೆಯ ಒಂದು ಭಾಗ, ಸುಮಾರು 2 ಮಿ.ಮೀ.

ಸಣ್ಣ ದೋಷವಾದರೆ ಕಣ್ಣಳತೆ ಸಾಲದು. ಮೂರು ಬಟನ್‌ಗಳಿಂದಲೂ ಸ್ಥಾನ ಲೆಕ್ಕಹಾಕಬಹುದು. ಪ್ರತಿಸಲ ಒಂದೊಂದನ್ನು ಬಿಟ್ಟು ನಾಲ್ಕು ಉತ್ತರ ತೆಗೆಯಿರಿ. ಎಲ್ಲವೂ ಸರಿಯಿದ್ದರೆ ನಾಲ್ಕೂ ಹತ್ತಿರ ಹತ್ತಿರ ಇರುತ್ತವೆ, ಇಲ್ಲದಿದ್ದರೆ ಚೆದುರುತ್ತವೆ. ನೆರೆಯ ಬಿಪಿಎಂಗಳು ಹೇಳುವ ಕಕ್ಷೆಗೆ ಯಾವ ಉತ್ತರ ಹೊಂದುತ್ತದೋ ಅದರಲ್ಲಿ ಬಿಟ್ಟ ಬಟನ್ನೇ ಕಳ್ಳ.

ಮುಂದಿನ ಹೆಜ್ಜೆ ಅದಲು ಬದಲು ಪರೀಕ್ಷೆ. ಎಲೆಕ್ಟ್ರಾನಿಕ್ಸ್ ಪೆಟ್ಟಿಗೆ ಸುರಂಗದ ಹೊರಗಿರುವುದರಿಂದ ಇದಕ್ಕೆ ಒಳಹೋಗಬೇಕಿಲ್ಲ. ಆದರೆ ಎರಡು ಷರತ್ತು: ಆ ಬಿಪಿಎಂ ಅನ್ನು ಕಕ್ಷೆ ತಿದ್ದುವ ಸ್ವಯಂಚಾಲಿತ ವ್ಯವಸ್ಥೆಯಿಂದ ಮೊದಲು ಹೊರಗಿಟ್ಟಿರಬೇಕು, ಮತ್ತು ಕೇಬಲ್ ಬಿಚ್ಚುವಾಗ ಬೀಮ್ ಇರಬಾರದು. ಸಂಶಯದ ಕೇಬಲನ್ನೂ ಒಳ್ಳೆಯದೊಂದನ್ನೂ ಪೆಟ್ಟಿಗೆಯ ಬಾಯಲ್ಲಿ ಬದಲಿಸಿ, ಬೀಮ್ ತುಂಬಿಸಿ ನೋಡಿ. ದೋಷ ಕೇಬಲ್ ಜೊತೆ ಹೋದರೆ ಕೇಬಲ್ ಅಥವಾ ಬಟನ್ ಕಡೆಯದು. ಇದ್ದಲ್ಲೇ ಉಳಿದರೆ ಪೆಟ್ಟಿಗೆಯದು. ಇದನ್ನು ಮಾಡದೆ ಪೆಟ್ಟಿಗೆಯನ್ನೇ ಬದಲಿಸಲು ಹೊರಡುವುದು ಬೆಟ್ಟ ಅಗೆದು ಇಲಿ ಹಿಡಿದಂತೆ. ನಾನೂ ಒಮ್ಮೆ ಎರಡು ದಿನ ಅಗೆದಿದ್ದೇನೆ. ಸಿಕ್ಕ ಇಲಿ, ಕಾಲು ಸುತ್ತು ಸಡಿಲವಾಗಿದ್ದ ಒಂದು ಎಸ್‌ಎಂಎ ಕನೆಕ್ಟರ್, ಅಂದರೆ ತಿರುಗಿಸಿ ಬಿಗಿಯುವ ಪುಟ್ಟ ಕೇಬಲ್ ಜೋಡಕ.

ಕೇಬಲ್ ಕಡೆಯದೆಂದಾದರೆ ಹೊರಗಿನ ತುದಿಯಿಂದಲೇ ಪ್ರತಿಫಲನ ಮಾಪಕ ಹಚ್ಚಿ; ಅದು ಕೇಬಲ್‌ಗೆ ಸಂಕೇತ ಬಿಟ್ಟು ಅದರ ಪ್ರತಿಧ್ವನಿ ನೋಡುತ್ತದೆ. ಸಾಮಾನ್ಯ ಪಾಲಿಎಥಿಲೀನ್ ತುಂಬಿದ ಕೇಬಲ್‌ನಲ್ಲಿ ಸಂಕೇತ ಹೋಗಿ ಬರಲು ಮೀಟರಿಗೆ ಸುಮಾರು 10 ನ್ಯಾನೋಸೆಕೆಂಡ್. ಪ್ರತಿಧ್ವನಿ ಕೇಬಲ್ ಉದ್ದಕ್ಕಿಂತ ಬೇಗ ಬಂದರೆ ತುಂಡಾದ ಜಾಗ ಅಲ್ಲಿದೆ. ಮೇಲ್ಮುಖವಾದರೆ ಬಿಟ್ಟುಹೋಗಿದೆ, ಕೆಳಮುಖವಾದರೆ ಒಳತಂತಿ ಹೊರಕವಚಕ್ಕೆ ತಾಗಿದೆ. ಬಟನ್ ತುದಿಯೂ ತೆರೆದ ತುದಿಯಂತೆಯೇ ಕಾಣುತ್ತದೆ, ಅದರಿಂದ ಗೊಂದಲ ಬೇಡ. ಚೆನ್ನಾಗಿರುವ ಇನ್ನೊಂದು ಕೇಬಲ್‌ನ ಚಿತ್ರವನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಸುರಂಗಕ್ಕೆ ಹೋಗಲೇಬೇಕಾದಾಗ

ಬೀಮ್ ಇಲ್ಲವೆಂದರೆ ಅಪಾಯ ಇಲ್ಲವೆಂದಲ್ಲ. ಪ್ರವೇಶದ ಕೀಲಿ ನಿಮ್ಮ ಜೇಬಿನಲ್ಲೇ ಇರಲಿ, ವಿಕಿರಣ ಸುರಕ್ಷತೆಯವರು ಅಳೆದು ಒಪ್ಪಿಗೆ ಕೊಡುವವರೆಗೆ ಬಾಗಿಲಲ್ಲಿ ನಿಲ್ಲಿ, ಕಾಂತಗಳ ವಿದ್ಯುತ್ ಆರಿದೆಯೇ ಕೇಳಿ. ಮೈಗೆ ತಾಗಿದ ವಿಕಿರಣ ಅಳೆಯುವ ಡೋಸ್ ಬ್ಯಾಡ್ಜ್ ಇಲ್ಲದೆ ಹೋಗಬೇಡಿ, ಒಬ್ಬರೇ ಕೂಡ ಹೋಗಬೇಡಿ.

ಬಟನ್‌ನ ಸಂಕೇತವನ್ನು ಕೊಳವೆಯಿಂದ ಹೊರತರುವ ಫೀಡ್‌ಥ್ರೂ ನಿರ್ವಾತವನ್ನು ಹಿಡಿದಿಟ್ಟಿರುವ ಪಿಂಗಾಣಿ ಅಥವಾ ಗಾಜಿನ ಬೆಸುಗೆ. ಕನೆಕ್ಟರ್ ಬಿಗಿಯಲಿ ಎಂದು ಸ್ಪ್ಯಾನರ್‌ಗೆ ಹೆಚ್ಚು ಬಲ ಕೊಟ್ಟರೆ ಅದು ಬಿರುಕು ಬಿಡುತ್ತದೆ. ಆಮೇಲೆ ನಿಮ್ಮ ಬಿಪಿಎಂ ಅಲ್ಲ, ಇಡೀ ಉಂಗುರ ವಾರಗಟ್ಟಲೆ ನಿಲ್ಲುತ್ತದೆ. ಹಿತ್ತಾಳೆಯ ಎಸ್‌ಎಂಎಗೆ ಸುಮಾರು 0.56 ನ್ಯೂಟನ್ ಮೀಟರ್, ಸ್ಟೇನ್‌ಲೆಸ್ ಸ್ಟೀಲಿನದಕ್ಕೆ ಸುಮಾರು 1 ನ್ಯೂಟನ್ ಮೀಟರ್ ಸಾಕು. ಟಾರ್ಕ್ ಸ್ಪ್ಯಾನರ್ ಬಳಸಿ, ಇನ್ನೊಂದು ಸ್ಪ್ಯಾನರ್‌ನಿಂದ ಹಿಂದಿನ ಭಾಗ ತಿರುಗದಂತೆ ಹಿಡಿದುಕೊಳ್ಳಿ. ಉದ್ದದ ಕೇಬಲ್‌ನಲ್ಲಿ ಸ್ಥಿರ ವಿದ್ಯುತ್ ಕೂತಿರಬಹುದು. ಪೆಟ್ಟಿಗೆಗೆ ಸಿಕ್ಕಿಸುವ ಮೊದಲು 50 ಓಮ್ ಮುಚ್ಚಳ ಹಾಕಿ ಇಳಿಸಿ.

ಕನೆಕ್ಟರ್ ಸರಿಯಿದ್ದೂ ಬಟನ್ ಮೌನವಾಗಿದ್ದರೆ, ಅಥವಾ ಪಕ್ಕದ ನಿರ್ವಾತ ಮಾಪಕ ಏರುತ್ತಿದ್ದರೆ, ಕೈ ಹಿಂದಕ್ಕೆ ತೆಗೆದುಕೊಳ್ಳಿ. ಅದು ನಿರ್ವಾತ ವಿಭಾಗದ ಕೆಲಸ. ಆ ಬಿಪಿಎಂ ಅನ್ನು ಪಟ್ಟಿಯಿಂದ ತೆಗೆದು ಮುಂದಿನ ದೀರ್ಘ ವಿರಾಮದವರೆಗೆ ಉಂಗುರ ನಡೆಸಬಹುದು.

ಲಕ್ಷಣ: ಬೀಮ್ ತಳ್ಳಿದರೂ ಒಂದು ದಿಕ್ಕಿನ ಅಳತೆ ಕದಲುವುದಿಲ್ಲ

ದುರಸ್ತಿಯ ಮರುದಿನ ಬರುವ ದೂರು ಇದು. ಯಾರೋ ಕೇಬಲ್‌ಗಳನ್ನು ತಪ್ಪು ಬಾಯಿಗೆ ಸಿಕ್ಕಿಸಿದ್ದಾರೆ. ಯಾರೆಂದು ಹುಡುಕುವ ಬದಲು ಯಾವುದೆಂದು ಹುಡುಕಿ. ಒಂದು ಕರೆಕ್ಟರ್‌ನಿಂದ ಬೀಮನ್ನು ಅಡ್ಡಕ್ಕೆ, ಇನ್ನೊಂದರಿಂದ ಲಂಬಕ್ಕೆ ಸ್ವಲ್ಪ ತಳ್ಳಿ ನೋಡಿದರೆ ಕುರ್ಚಿಯಿಂದ ಏಳದೆಯೇ ಉತ್ತರ ಸಿಗುತ್ತದೆ.

ಅಡ್ಡ ಅಳತೆ ಸತ್ತು ಲಂಬ ಸರಿಯಿದ್ದರೆ ಎ-ಬಿ ಅಥವಾ ಸಿ-ಡಿ ಅದಲು ಬದಲಾಗಿವೆ. ಲಂಬ ಸತ್ತು ಅಡ್ಡ ಸರಿಯಿದ್ದರೆ ಎ-ಡಿ ಅಥವಾ ಬಿ-ಸಿ. ಅಡ್ಡಕ್ಕೆ ತಳ್ಳಿದರೆ ಲಂಬ, ಲಂಬಕ್ಕೆ ತಳ್ಳಿದರೆ ಅಡ್ಡ ಕದಲುತ್ತಿದ್ದರೆ ಕರ್ಣದ ಜೋಡಿ: ಚಿಹ್ನೆ ಹಾಗೆಯೇ ಇದ್ದರೆ ಬಿ-ಡಿ, ತಿರುಗಿದ್ದರೆ ಎ-ಸಿ. ಎರಡೂ ಕದಲುತ್ತಿವೆ, ಆದರೆ ಅಡ್ಡದ ಚಿಹ್ನೆ ಮಾತ್ರ ಉಲ್ಟಾ ಎಂದರೆ ಎ-ಬಿ ಮತ್ತು ಸಿ-ಡಿ ಎರಡು ಜೋಡಿಗಳೂ ಬದಲಾಗಿವೆ. ನಾಲ್ಕು ಬೇರೆ ಬೇರೆ ಬಣ್ಣದ ಟೇಪು ಕೊಂಡಿದ್ದರೆ ಈ ಪರಿಚ್ಛೇದವೇ ಬೇಕಿರಲಿಲ್ಲ.

ಲಕ್ಷಣ: ಎಲ್ಲ ಬಿಪಿಎಂ ಚೆನ್ನಾಗಿವೆ, ಬೆಳಕು ಬಳಸುವವರು ಮಾತ್ರ ಗೊಣಗುತ್ತಿದ್ದಾರೆ

ನನ್ನ ಪ್ರಕಾರ ಇರುವುದರಲ್ಲೇ ಕಪಟಿ ದೋಷ ಇದು. ಕಕ್ಷೆಯನ್ನು ತಾನಾಗಿ ತಿದ್ದುವ ವ್ಯವಸ್ಥೆ ಚಾಲೂ ಇದ್ದಾಗ ಒಂದು ಬಿಪಿಎಂ ನಿಧಾನವಾಗಿ ತಪ್ಪತೊಡಗಿದರೆ, ವ್ಯವಸ್ಥೆ ಅದರ ಮಾತು ನಂಬಿ ಬೀಮನ್ನೇ ಸರಿಸುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪರದೆಯಲ್ಲಿ ಕಕ್ಷೆ ನೆಟ್ಟಗೇ ಕಾಣುತ್ತದೆ, ಏಕೆಂದರೆ ತಪ್ಪು ಅಂಕಿಯನ್ನು ಸರಿಯೆಂದು ತೋರಿಸುವಂತೆ ಬೀಮನ್ನು ಬಗ್ಗಿಸಲಾಗಿದೆ.

ಸಾಕ್ಷಿ ಇರುವುದು ಕರೆಕ್ಟರ್ ಕಾಂತಗಳ ಕರೆಂಟಿನಲ್ಲಿ. ಕಳೆದ ವಾರದ್ದಕ್ಕೂ ಇಂದಿನದಕ್ಕೂ ವ್ಯತ್ಯಾಸ ಬರೆಯಿರಿ. ಅಕ್ಕಪಕ್ಕದ ಮೂರ್ನಾಲ್ಕು ಕರೆಕ್ಟರ್‌ಗಳು ಮಾತ್ರ ಹೆಚ್ಚು-ಕಡಿಮೆ-ಹೆಚ್ಚು ಎಂದು ಬದಲಾಗಿದ್ದರೆ ಅವುಗಳ ನಡುವಿನ ಬಿಪಿಎಂ ಮೇಲೆ ಕಣ್ಣಿಡಿ. ಅದನ್ನು ಪಟ್ಟಿಯಿಂದ ಹೊರಗಿಟ್ಟಾಗ ಕರೆಕ್ಟರ್‌ಗಳು ಹಳೆಯ ಮೌಲ್ಯಕ್ಕೆ ಮರಳಿದರೆ ಕೇಸು ಮುಗಿಯಿತು.

ಒಂದು ಕಟ್ಟುನಿಟ್ಟಿನ ಮಾತು. ಬೀಮ್ ಮಿತಿ ಮೀರಿದಾಗ ಅದನ್ನು ಬೀಳಿಸುವ ಇಂಟರ್‌ಲಾಕ್‌ಗೆ ಈ ಬಿಪಿಎಂ ಸೇರಿದ್ದರೆ ಅದನ್ನು ನೀವಾಗಿ ಬೈಪಾಸ್ ಮಾಡಬೇಡಿ. ತೀವ್ರ ಸಿಂಕ್ರೊಟ್ರಾನ್ ಬೆಳಕು ತಪ್ಪು ಜಾಗಕ್ಕೆ ಬಿದ್ದರೆ ನಿರ್ವಾತ ಕೊಳವೆಯ ಗೋಡೆಯನ್ನೇ ಕರಗಿಸಬಲ್ಲದು. ಅದಕ್ಕೆ ಲಿಖಿತ ಒಪ್ಪಿಗೆ ಬೇಕು, ರಾತ್ರಿ ಎರಡು ಗಂಟೆಯಾದರೂ ಸರಿ, ಜವಾಬ್ದಾರರನ್ನು ಎಬ್ಬಿಸಿ.

ಲಕ್ಷಣ: ಕರೆಂಟ್ ಇಳಿದಂತೆ ಸ್ಥಾನವೂ ಸರಿಯುತ್ತದೆ

ಸರಿಯುವ ರೀತಿಯನ್ನು ನೋಡಿ. ಪ್ರತಿಸಲವೂ ಒಂದೇ ಕರೆಂಟಿನಲ್ಲಿ ಮೆಟ್ಟಿಲಿನಂತೆ ಜಿಗಿದರೆ ಪೆಟ್ಟಿಗೆಯೊಳಗಿನ ಸಂಕೇತ ತಗ್ಗಿಸುವ ಅಟೆನ್ಯುಯೇಟರ್ ಆಗ ಹಂತ ಬದಲಿಸುತ್ತಿದೆ. ನಾಲ್ಕು ದಾರಿಗಳಲ್ಲಿ ಅದು ಒಂದೇ ಸಮ ಇಲ್ಲ. ಹಂತವನ್ನು ಕೈಯಾರೆ ಕಟ್ಟಿಹಾಕಿ ನೋಡಿದರೆ ಖಚಿತವಾಗುತ್ತದೆ. ಬೀಮ್ ತುಂಬಿಸಿದ ಮೊದಲ ಒಂದೆರಡು ಗಂಟೆ ಸರಿದು ಆಮೇಲೆ ನೆಲೆ ನಿಂತರೆ ಅದು ಬಿಸಿ: ಕೊಳವೆ ಕಾದು, ಹಿಗ್ಗಿ, ಬಟನ್‌ಗಳೇ ಜಾಗ ಬಿಟ್ಟಿವೆ. ಇಲ್ಲಿ ಅಳತೆ ಸುಳ್ಳಲ್ಲ, ಅಳತೆಗೋಲು ನಡೆದಿದೆ. ಕೊಳವೆಗೆ ಸ್ಥಾನ ಸಂವೇದಕ ಅಂಟಿಸಿ ಹೋಲಿಸದೆ ಬೇರೆ ದಾರಿಯಿಲ್ಲ.

ಹಗಲು-ರಾತ್ರಿಯ ತಾಳಕ್ಕೆ ಸರಿದರೆ ಕೊಠಡಿಯ ಉಷ್ಣತೆಯ ದಾಖಲೆ ತೆಗೆಯಿರಿ. ಈಗಿನ ಹಲವು ಪೆಟ್ಟಿಗೆಗಳು ನಾಲ್ಕು ಒಳಹರಿವುಗಳನ್ನು ನಾಲ್ಕು ದಾರಿಗಳ ನಡುವೆ ಬೇಗಬೇಗನೆ ಸರದಿಯಲ್ಲಿ ತಿರುಗಿಸುವುದರಿಂದ ಪೆಟ್ಟಿಗೆಯ ಒಳಗಿನ ಏರುಪೇರು ತಾನಾಗಿ ರದ್ದಾಗುತ್ತದೆ. ಆ ಸರದಿ ಚಾಲೂ ಇದ್ದೂ ಅಳತೆ ತೇಲುತ್ತಿದ್ದರೆ, ದೋಷ ಪೆಟ್ಟಿಗೆಗಿಂತ ಮುಂಚೆ, ಕೇಬಲ್‌ನಲ್ಲಿದೆ.

ಲಕ್ಷಣ: ಎಲ್ಲವೂ ಒಟ್ಟಿಗೆ ಒಂದೇ ಕಡೆಗೆ ಸರಿದಿವೆ

ಅಡ್ಡ ಅಳತೆಗಳೆಲ್ಲ ಒಟ್ಟಾಗಿ ಹೊರಕ್ಕೆ ಅಥವಾ ಒಳಕ್ಕೆ ಸರಿದು, ಲಂಬ ಸುಮ್ಮನಿದ್ದರೆ ಬಿಪಿಎಂಗಳನ್ನು ಬೈಯಬೇಡಿ. ಬೀಮ್‌ನ ಶಕ್ತಿಗೂ ಉಂಗುರದ ಸುತ್ತಳತೆಗೂ ಹೊಂದಾಣಿಕೆ ತಪ್ಪಿದೆ. ಬೀಮ್‌ಗೆ ಶಕ್ತಿ ತುಂಬುವ ರೇಡಿಯೋ ಅಲೆಯ (ಆರ್‌ಎಫ್) ಆವರ್ತನ ಯಾರಾದರೂ ಬದಲಿಸಿದ್ದಾರೆಯೇ ಎಂಬುದು ಮೊದಲ ಪ್ರಶ್ನೆ. ಇಲ್ಲದಿದ್ದರೆ ನೆಲವೇ ಹಿಗ್ಗಿದೆ. ಜಿನೀವಾದ ಸೆರ್ನ್‌ನಲ್ಲಿದ್ದ ಸುಮಾರು 27 ಕಿ.ಮೀ. ಸುತ್ತಳತೆಯ ಎಲ್‌ಇಪಿ ಉಂಗುರ ಚಂದ್ರನ ಸೆಳೆತಕ್ಕೆ ದಿನದಲ್ಲಿ ಸುಮಾರು ಒಂದು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತಿತ್ತು. ಸರೋವರದ ನೀರಿನ ಮಟ್ಟವೂ ಅದಕ್ಕೆ ಗೊತ್ತಾಗುತ್ತಿತ್ತು. ಹತ್ತಿರದ ಹಳಿಯ ಮೇಲೆ ಫ್ರಾನ್ಸಿನ ವೇಗದ ರೈಲು ಹೊರಟಾಗ ನೆಲಕ್ಕೆ ಸೋರಿದ ವಿದ್ಯುತ್ತು ಕೊಳವೆಯ ಮೂಲಕ ಹರಿದು ಕಾಂತಗಳನ್ನೇ ಕದಲಿಸುತ್ತಿತ್ತು. ಮಾಪಕ ಸತ್ಯ ಹೇಳಿದಾಗ ಅದನ್ನು ದುರಸ್ತಿಗೆ ಕಳಿಸುವ ತಪ್ಪು ಮಾಡಬಾರದು.

ಲಕ್ಷಣ: 50 ಹರ್ಟ್ಸ್ ನಡುಕ

ಆವರ್ತನ ಚಿತ್ರದಲ್ಲಿ 50, 100, 150 ಹರ್ಟ್ಸ್ ಮೊನೆಗಳು ಕಂಡರೆ ಮತ್ತೆ ಅದೇ ಪ್ರಶ್ನೆ, ಒಂದರಲ್ಲೋ ಎಲ್ಲದರಲ್ಲೋ? ಎಲ್ಲದರಲ್ಲೂ, ಅದೂ ಕಕ್ಷೆಯ ಅಲೆಯ ಆಕಾರದಲ್ಲಿ ಇದ್ದರೆ ಯಾವುದೋ ಕಾಂತದ ವಿದ್ಯುತ್ ಪೂರೈಕೆ ನಿಜಕ್ಕೂ ಬೀಮನ್ನು ನಡುಗಿಸುತ್ತಿದೆ. ಒಂದರಲ್ಲೇ ಇದ್ದರೆ ಭೂಸಂಪರ್ಕದ ಸುತ್ತು; ಆ ಕೇಬಲ್‌ನ ಹೊರಕವಚ ಎರಡು ಕಡೆ ಬೇರೆ ಬೇರೆ ನೆಲ ಕಂಡಿದೆ. ರಕ್ಷಣೆಯ ಅರ್ಥ್ ತಂತಿ ಕಿತ್ತು ಪರೀಕ್ಷಿಸುವ ಚಾಳಿ ಕೆಲವರಿಗಿದೆ. ದಯವಿಟ್ಟು ಬೇಡ, ಅದು ಜೀವ ತೆಗೆಯುತ್ತದೆ.

ಕುಹರದ ಒಳಗೇ ಅಳೆಯುವಾಗ

ಬೀಮ್ ಕುಹರದ ನಡುವಿನಿಂದ ಸರಿದು ಹಾದರೆ ಅದು ಕುಹರದಲ್ಲಿ ದ್ವಿಧ್ರುವ ಅಲೆಯನ್ನು ಮೀಟುತ್ತದೆ. ಸರಿದಷ್ಟೂ ಗುನುಗು ಜೋರು. ಹ್ಯಾಂಬರ್ಗ್‌ನ ಫ್ಲ್ಯಾಶ್ ಯಂತ್ರದಲ್ಲಿ 1.3 ಗಿಗಾಹರ್ಟ್ಸ್ ಅತಿವಾಹಕ ಕುಹರಗಳಿಂದ ಹೊರಬರುವ ಸುಮಾರು 1.7 ಗಿಗಾಹರ್ಟ್ಸ್ ಗುನುಗನ್ನೇ ಹಿಡಿದು ಬೀಮ್ ಸ್ಥಾನ ಅಳೆದರು. ಸೆರ್ನ್‌ನ ಕ್ಲಿಕ್ ಯೋಜನೆಯಲ್ಲಿ 12 ಗಿಗಾಹರ್ಟ್ಸ್ ಕುಹರಗಳನ್ನು ಇದೇ ತತ್ವದಿಂದ ಬೀಮ್‌ಗೆ ಸುಮಾರು 3.5 ಮೈಕ್ರಾನ್‌ನೊಳಗೆ ಹೊಂದಿಸುವುದು ಗುರಿ.

ಇಲ್ಲಿನ ದೂರುಗಳು ಬೇರೆ. ಬೀಮನ್ನು ಎಷ್ಟು ಸರಿಸಿದರೂ ಸಂಕೇತ ಸೊನ್ನೆಗೆ ಇಳಿಯುತ್ತಿಲ್ಲ ಎಂದರೆ ಬೀಮ್ ಓರೆಯಾಗಿ ಹಾಯುತ್ತಿದೆ. ಓರೆಯ ಸಂಕೇತ ಸ್ಥಾನದ ಸಂಕೇತಕ್ಕಿಂತ ಕಾಲು ಸುತ್ತು ಹಂತ (ಅಲೆಯ ಫೇಸ್) ತಪ್ಪಿರುತ್ತದೆ, ಆದ್ದರಿಂದ ಬರಿಯ ಎತ್ತರ ನೋಡದೆ ಹಂತವನ್ನೂ ಅಳೆಯಿರಿ. ಸರಿದದ್ದು ಎಡಕ್ಕೋ ಬಲಕ್ಕೋ ತಿಳಿಯದಿದ್ದರೂ ಮದ್ದು ಅದೇ: ಎತ್ತರಕ್ಕೆ ಚಿಹ್ನೆಯಿಲ್ಲ, ಹಂತಕ್ಕಿದೆ. ಅಡ್ಡಕ್ಕೆ ಸರಿಸಿದರೆ ಎರಡೂ ಅಳತೆ ಕದಲಿದರೆ ಗಾಬರಿ ಬೇಡ; ಕುಹರದ ದ್ವಿಧ್ರುವ ಅಲೆಯ ಎರಡು ಅಕ್ಷಗಳು ನಮ್ಮ ಅಡ್ಡ-ಲಂಬಕ್ಕೆ ಹೊಂದಿಕೊಂಡೇ ಹುಟ್ಟಬೇಕೆಂದಿಲ್ಲ. ಹಲವು ಕಡೆಗೆ ಸರಿಸಿ ಮಾಪನಾಂಕ ಮತ್ತೆ ತೆಗೆಯಿರಿ.

ಮೊದಲ ಗುಂಪಿನ ಅಳತೆ ಸರಿ, ಎರಡನೆಯದರಿಂದ ಎಡವಟ್ಟು ಎಂದರೆ ಹಿಂದಿನ ಗುನುಗು ಇನ್ನೂ ಆರಿಲ್ಲ. ಅಲೆ ಎಷ್ಟು ಹೊತ್ತು ಉಳಿಯುತ್ತದೆಂದು ಹೇಳುವ ಕ್ಯೂ ಗುಣಾಂಕ ಹತ್ತು ಸಾವಿರವಿದ್ದರೆ ಆ ಗುನುಗು ಮೂರನೆಯ ಒಂದು ಭಾಗಕ್ಕೆ ತಗ್ಗಲು ಸುಮಾರು 2 ಮೈಕ್ರೋಸೆಕೆಂಡ್ ಬೇಕು; ಗುಂಪುಗಳು ಒಂದೊಂದು ಮೈಕ್ರೋಸೆಕೆಂಡಿಗೆ ಬರುತ್ತಿದ್ದರೆ ಹಳೆಯದನ್ನು ಲೆಕ್ಕದಲ್ಲಿ ಕಳೆಯಲೇಬೇಕು.

ಅಳತೆಗೆಂದು ತೆಗೆದ ಈ ದಾರಿಯಲ್ಲಿ ಕುಹರದ ಮುಖ್ಯ ಆರ್‌ಎಫ್ ಶಕ್ತಿ ಹೊರಬರದಂತೆ ಒಂದು ಸೋಸು ಇರುತ್ತದೆ. ಅದು ಶ್ರುತಿ ತಪ್ಪಿದರೆ ಮೊದಲು ಕಾಣುವುದು ಸ್ಥಾನದ ಅಳತೆಯ ಗದ್ದಲ, ಆಮೇಲೆ ಸುಟ್ಟ ಪೆಟ್ಟಿಗೆ. ಗದ್ದಲ ಕಂಡೊಡನೆ ತಗ್ಗಿಸುವ ಅಟೆನ್ಯುಯೇಟರ್ ಹಾಕಿದ ಮಾಪಕದಲ್ಲಿ 1.3 ಗಿಗಾಹರ್ಟ್ಸ್ ಎಷ್ಟು ಬರುತ್ತಿದೆ ನೋಡಿ. ಹಿಂದಿನ ದಾಖಲೆಗಿಂತ ಏರಿದ್ದರೆ ಕೇಬಲ್ ಮುಟ್ಟದೆ, ಕುಹರದ ಶಕ್ತಿ ಇಳಿಸಲು ಹೇಳಿ, ಆರ್‌ಎಫ್ ವಿಭಾಗದವರು ಬರುವವರೆಗೆ ಕಾಯಿರಿ.